ಅಗ್ಗದ ಎಲೆಕ್ಟ್ರಿಕ್ ಗಿಟಾರ್: ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಕ್ರಮ

15,000 ರೂಪಾಯಿಯೊಳಗೆ ಸಿಗುವ ಎಲೆಕ್ಟ್ರಿಕ್ ಗಿಟಾರ್ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ನುಡಿಸಲು ಸಿದ್ಧವಾಗಿರುವುದು ಅಪರೂಪ. ಮರ, ಫ್ರೆಟ್ (ಬೆರಳಿಡುವ ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗ) ಎಲ್ಲವೂ ಜೋಡಣೆಯಾಗಿರುತ್ತವೆ. ಆದರೆ ಒಂದೊಂದು ವಾದ್ಯವನ್ನೂ ಕೈಗೆತ್ತಿಕೊಂಡು ನೆಕ್ಕಿನ (ಕತ್ತಿನ) ಬಾಗು, ತಂತಿಯ ಎತ್ತರ, ಶ್ರುತಿಯ ಸ್ಥಾನ ಇವನ್ನೆಲ್ಲ ಹೊಂದಿಸುವಷ್ಟು ಕೂಲಿಯನ್ನು ಆ ಬೆಲೆಯಲ್ಲಿ ಸೇರಿಸಲು ತಯಾರಕರಿಗೆ ಆಗುವುದಿಲ್ಲ. ಹೀಗಾಗಿ ಮೈಸೂರು, ಮಂಡ್ಯದ ಕಡೆಯ ಹೊಸ ಕಲಿಕೆಯವರು ಆನ್‌ಲೈನಿನಲ್ಲಿ ತರಿಸಿಕೊಂಡ ಗಿಟಾರ್ ಝರ್ ಎನ್ನುತ್ತದೆ, ಶ್ರುತಿ ನಿಲ್ಲುವುದಿಲ್ಲ, ಆಂಪ್ (ಆಂಪ್ಲಿಫೈಯರ್) ಗುಂಯ್‌ಗುಡುತ್ತದೆ ಎಂದು ಬೇಸತ್ತು, ಒಂದೋ ವಾದ್ಯವನ್ನು ಅಟ್ಟಕ್ಕೆ ಹಾಕುತ್ತಾರೆ ಅಥವಾ ಪಿಕಪ್ಪನ್ನೇ ಬದಲಿಸಲು ಹೊರಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ಬೇಕಾಗಿರುವುದಿಲ್ಲ. ಬೇಕಾಗಿರುವುದು ಕ್ರಮ: ಮೊದಲು ತಂತಿ, ಆಮೇಲೆ ನೆಕ್, ಆಮೇಲೆ ಬ್ರಿಡ್ಜ್ (ದೇಹದ ಮೇಲೆ ತಂತಿಗಳನ್ನು ಹಿಡಿದಿರುವ ಲೋಹದ ಭಾಗ), ಆಮೇಲೆ ನಟ್ (ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ), ಇವೆಲ್ಲ ಮುಗಿದ ನಂತರವೇ ವೈರಿಂಗ್. ಹಿಂದಿನದನ್ನು ಅಲುಗಿಸಿದರೆ ಮುಂದಿನದು ತಾನಾಗಿ ಬದಲಾಗುವುದರಿಂದ ಈ ಕ್ರಮವನ್ನು ತಿರುಗಿಸಿದವರು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಹಿಂದಿರುಗಿಸುವ ಅವಕಾಶ ಇರುವಾಗಲೇ ನೋಡಬೇಕಾದದ್ದು

ಮನೆಯಲ್ಲಿ ತಿದ್ದಲಾಗದ ದೋಷಗಳು ಕೆಲವೇ ಇವೆ, ಮತ್ತು ಅವುಗಳನ್ನು ಮೊದಲ ದಿನವೇ ಪತ್ತೆ ಮಾಡಬಹುದು. ಗಿಟಾರನ್ನು ಬಂದೂಕಿನಂತೆ ಹಿಡಿದು, ತಲೆಯ ಕಡೆಯಿಂದ ಫ್ರೆಟ್‌ಬೋರ್ಡಿನ ಉದ್ದಕ್ಕೂ ಕಣ್ಣು ಹಾಯಿಸಿದಾಗ ಮೊದಲ ಫ್ರೆಟ್ಟೂ ಕೊನೆಯ ಫ್ರೆಟ್ಟೂ ಒಂದಕ್ಕೊಂದು ಸಮಾಂತರವಾಗಿ ಕಾಣಬೇಕು. ಒಂದು ಬದಿ ಮೇಲೆದ್ದು ಇನ್ನೊಂದು ಬದಿ ಕೆಳಗಿಳಿದಂತೆ ಕಂಡರೆ ನೆಕ್ ತಿರುಚಿಕೊಂಡಿದೆ ಎಂದರ್ಥ. ಅದನ್ನು ಯಾವ ಸ್ಕ್ರೂ ತಿರುಗಿಸಿದರೂ ಸರಿಪಡಿಸಲಾಗದು. ಎರಡನೆಯದಾಗಿ, ನಟ್ಟಿನಿಂದ 12ನೆಯ ಫ್ರೆಟ್ಟಿನವರೆಗೆ ಅಳೆದು, ಅಲ್ಲಿಂದ ಬ್ರಿಡ್ಜಿನ ಸ್ಯಾಡಲಿನವರೆಗೆ (ತಂತಿ ಕೂರುವ ಸಣ್ಣ ತುಂಡಿನವರೆಗೆ) ಅಳೆಯಬೇಕು. ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಿನಲ್ಲಿ ತಂತಿಯ ಒಟ್ಟು ಉದ್ದ ಲೆಕ್ಕಕ್ಕೆ 648 ಮಿ.ಮೀ., ಅಂದರೆ 12ನೆಯ ಫ್ರೆಟ್ 324 ಮಿ.ಮೀ. ದೂರದಲ್ಲಿರುತ್ತದೆ. ಸ್ಯಾಡಲಿನ ಕಡೆಯ ಅಳತೆ ಇದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚಿರಬೇಕು, ದಪ್ಪ ತಂತಿಗೆ ಇನ್ನೂ ಸ್ವಲ್ಪ ಹೆಚ್ಚು. ಸ್ಯಾಡಲನ್ನು ತೀರಾ ಹಿಂದಕ್ಕೆ ಸರಿಸಿದರೂ ಆ ಕಡೆಯ ಅಳತೆ ಕಡಿಮೆಯೇ ಉಳಿದರೆ ಬ್ರಿಡ್ಜನ್ನು ತಪ್ಪು ಜಾಗದಲ್ಲಿ ಕೂರಿಸಿದ್ದಾರೆ. ಅಂಥ ಗಿಟಾರ್ ಎಂದೂ ಶ್ರುತಿಶುದ್ಧವಾಗಿ ನುಡಿಯುವುದಿಲ್ಲ, ತಕ್ಷಣ ಹಿಂದಿರುಗಿಸಬೇಕು. ಮೂರನೆಯದು ಟ್ರಸ್ ರಾಡ್, ಅಂದರೆ ನೆಕ್ಕಿನೊಳಗಿದ್ದು ಅದರ ಬಾಗನ್ನು ಹೊಂದಿಸುವ ಲೋಹದ ಸರಳು. ಅದರ ಷಟ್ಕೋನದ ಗುಳಿ ಸವೆದಿರದೆ ಕೀಲಿಯನ್ನು ಬಿಗಿಯಾಗಿ ಹಿಡಿಯಬೇಕು, ಮಿತವಾದ ಬಲಕ್ಕೆ ಎರಡೂ ಕಡೆ ತಿರುಗಬೇಕು.

ತಂತಿಗಳು ಫ್ರೆಟ್‌ಬೋರ್ಡಿನ ಒಂದು ಅಂಚಿಗೆ ಸರಿದು ಒಂದನೆಯ ತಂತಿ (ಎಲ್ಲಕ್ಕಿಂತ ತೆಳುವಾದದ್ದು) ಬೆರಳಿನಿಂದ ಜಾರಿಬೀಳುತ್ತಿದ್ದರೆ ಗಾಬರಿ ಬೇಡ. ತಂತಿಗಳನ್ನು ಸಡಿಲಿಸಿ, ನೆಕ್ಕನ್ನು ಬಿಗಿದಿರುವ ನಾಲ್ಕು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಗೊಳಿಸಿ, ನೆಕ್ಕನ್ನು ಬೇಕಾದ ಕಡೆಗೆ ಮೆಲ್ಲಗೆ ಒತ್ತಿ ಮತ್ತೆ ಬಿಗಿದರೆ ಸಾಕಾಗುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ಅಲನ್ ಕೀಗಳ ಒಂದು ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಮಿ.ಮೀ. ಗುರುತಿರುವ ಉಕ್ಕಿನ ಸ್ಕೇಲ್, ಕೇಪೊ (ತಂತಿಗಳನ್ನು ಫ್ರೆಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, ಜೊತೆಗೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್. ಇದು ಯಾವುದೇ ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಮಲ್ಟಿಮೀಟರ್ ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಮೈಸೂರಿನವರು ಶಿವರಾಂಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳಬಹುದು.

ಝರ್ ಎನ್ನುವ ಸದ್ದು

ಮೊದಲು ಹಳೆಯ ತಂತಿಗಳನ್ನು ತೆಗೆದು ಹೊಸದನ್ನು ಹಾಕಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತ ತಂತಿಗೆ ತುಕ್ಕು ಹಿಡಿದಿರುತ್ತದೆ, ಅದರ ಮೇಲೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬಲಾಗದು. ಕಲಿಯುವವರಿಗೆ 9–42 ಗೇಜಿನ ಸೆಟ್ ಸಾಕು. ಅಂದರೆ ಒಂದನೆಯ ತಂತಿ ಅಂಗುಲದ ಸಾವಿರ ಭಾಗಗಳಲ್ಲಿ 9 ಭಾಗದಷ್ಟು ದಪ್ಪ, ಆರನೆಯದು 42 ಭಾಗದಷ್ಟು. 10–46ರ ಸೆಟ್ ಹಾಕಿದರೆ ನೆಕ್ಕಿನ ಮೇಲಿನ ಎಳೆತ ಹೆಚ್ಚುವುದರಿಂದ, ಯಾವ ಗೇಜ್ ಎಂಬುದನ್ನು ಈಗಲೇ ನಿರ್ಧರಿಸಿ, ಆಮೇಲೆ ಬದಲಿಸದಿರುವುದು ಒಳ್ಳೆಯದು. ನಂತರ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ ಎಂದು ಪೂರ್ಣ ಶ್ರುತಿಗೆ ಏರಿಸಬೇಕು. ಶ್ರುತಿ ಇಳಿದಿರುವ ಗಿಟಾರಿನಲ್ಲಿ ನೆಕ್ಕಿನ ಮೇಲೆ ಇರಬೇಕಾದ ಎಳೆತವೇ ಇರುವುದಿಲ್ಲ, ಹಾಗಾಗಿ ಅಳತೆಗಳೂ ಸುಳ್ಳಾಗುತ್ತವೆ.

ಈಗ ಸದ್ದು ಎಲ್ಲಿ ಬರುತ್ತದೆ ಎಂಬುದೇ ಮುಖ್ಯ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒಂದೇ ಬಲದಲ್ಲಿ ಮೀಟುತ್ತಾ ಹೋಗಿ, ಝರ್ ಎಂದ ಜಾಗಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಈ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ಕಾಗದದ ಮೇಲಿನ ಆ ಗುರುತುಗಳೇ ರೋಗ ಯಾವುದೆಂದು ಹೇಳಿಬಿಡುತ್ತವೆ. ಮೊದಲ ಐದು ಫ್ರೆಟ್‌ಗಳೊಳಗೆ ಮಾತ್ರ ಸದ್ದು ಬಂದರೆ ನೆಕ್ ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಎಲ್ಲ ಕಡೆಯೂ ಬಂದರೆ ತಂತಿಗಳು ತೀರಾ ಕೆಳಗಿವೆ. 12ನೆಯ ಫ್ರೆಟ್ ದಾಟಿದ ಮೇಲೆ ಮಾತ್ರ ಬಂದರೆ ಸ್ಯಾಡಲ್ ತಗ್ಗಾಗಿದೆ, ಇಲ್ಲವೇ ದೇಹಕ್ಕೆ ಸೇರುವ ಕಡೆ ನೆಕ್ಕಿನ ತುದಿ ಮೇಲೆದ್ದಿದೆ. ತಂತಿಯನ್ನು ಒತ್ತದೆ ಮೀಟಿದಾಗ ಸದ್ದು ಬಂದು, ಮೊದಲ ಫ್ರೆಟ್ ಒತ್ತಿದ ಕೂಡಲೇ ನಿಂತುಹೋದರೆ ನಟ್ಟಿನ ಗಾಡಿ (ತಂತಿ ಕೂರುವ ಸೀಳು) ಹೆಚ್ಚು ಆಳವಾಗಿದೆ. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎತ್ತರವಾಗಿದೆ; ಹಳೆಯ ಎಟಿಎಂ ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಒಟ್ಟಿಗೆ ಇಟ್ಟು ಅಲುಗಿಸಿದಾಗ ಅದು ಅತ್ತಿತ್ತ ತೂಗಿದರೆ ನಡುವಿನ ಫ್ರೆಟ್ಟೇ ಕಾರಣವೆಂದು ಖಚಿತವಾಗುತ್ತದೆ. ಫ್ರೆಟ್ಟಿನ ಜಾಗ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಫ್ರೆಟ್ಟಿನದೇ ಅಲ್ಲ. ಸಡಿಲಗೊಂಡ ಬಿರಡೆಯ ನಟ್, ಸ್ಯಾಡಲಿನ ಎತ್ತರದ ಸ್ಕ್ರೂ, ಹಿಂದಿನ ಸ್ಪ್ರಿಂಗ್ ಇವುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿದು ನೋಡಿದರೆ ಯಾವುದು ಅದುರುತ್ತಿದೆ ಎಂಬುದು ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ಆಂಪ್ ಇಲ್ಲದೆ ಬರಿಗಿವಿಗೆ ಕೇಳುವ ಸಣ್ಣ ಝರ್ ಸದ್ದು ಆಂಪಿನ ಮೂಲಕ ಕೇಳದಿದ್ದರೆ, ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಅದನ್ನೂ ಹೋಗಲಾಡಿಸಲು ತಂತಿಯನ್ನು ಎತ್ತರಿಸುತ್ತಾ ಹೋದವರು ಕೊನೆಗೆ ಬೆರಳು ನೋಯಿಸಿಕೊಂಡು ಅಭ್ಯಾಸವನ್ನೇ ಬಿಡುವುದುಂಟು.

ನೆಕ್ಕಿನ ಅಳತೆ ಹೀಗೆ: ಒಂದನೆಯ ಫ್ರೆಟ್ಟಿಗೆ ಕೇಪೊ ಹಾಕಿ, ಆರನೆಯ ತಂತಿಯನ್ನು 17ನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ತಂತಿಯೇ ನೇರಪಟ್ಟಿಯಾಗುತ್ತದೆ. ಆಗ 8ನೆಯ ಫ್ರೆಟ್ಟಿನ ನೆತ್ತಿಗೂ ತಂತಿಯ ತಳಕ್ಕೂ ನಡುವೆ ಸುಮಾರು 0.25 ಮಿ.ಮೀ. ಸಂದಿ ಇರಬೇಕು. ಅಷ್ಟು ದಪ್ಪದ ಫೀಲರ್ ಗೇಜಿನ ಎಲೆ ತಂತಿಯನ್ನು ಎತ್ತದೆ, ಆದರೆ ಸವರಿಕೊಂಡು ಒಳಗೆ ಹೋಗಬೇಕು. ತಂತಿ ಕಂಪಿಸುವಾಗ ನಡುಭಾಗ ಹೆಚ್ಚು ಅಗಲವಾಗಿ ಆಡುವುದರಿಂದ ಅದಕ್ಕೆ ಈ ಜಾಗ ಬೇಕಾಗುತ್ತದೆ. ಸಂದಿಯೇ ಇಲ್ಲದಿದ್ದರೆ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಸಡಿಲಿಸಬೇಕು, ಅರ್ಧ ಮಿ.ಮೀ.ನಷ್ಟು ಇದ್ದರೆ ಮುಳ್ಳಿನ ದಿಕ್ಕಿಗೆ ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಮತ್ತು ಪ್ರತಿ ಸಲವೂ ಶ್ರುತಿ ಸೇರಿಸಿ ಮತ್ತೆ ಅಳೆಯಬೇಕು. ಕೀಲಿ ಸಡಿಲವಾಗಿ ಕೂತಿದ್ದರೆ ತಿರುಗಿಸಲೇಬಾರದು, 4 ಮಿ.ಮೀ., 5 ಮಿ.ಮೀ. ಎರಡನ್ನೂ ಹಾಕಿ ನೋಡಿ ಅಲುಗಾಡದಂತೆ ಕೂರುವುದನ್ನೇ ಆರಿಸಿಕೊಳ್ಳಬೇಕು. ಬಲ ಹಾಕಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ ವಾದ್ಯ ರಿಪೇರಿ ಬಲ್ಲವರ ಬಳಿ ಒಯ್ಯಬೇಕು, ಏಕೆಂದರೆ ಮುರಿದ ಟ್ರಸ್ ರಾಡಿನ ರಿಪೇರಿಗೆ ತಗಲುವ ಖರ್ಚು ಇಂಥ ಗಿಟಾರಿನ ಬೆಲೆಗೆ ಹೊಂದುವುದಿಲ್ಲ.

ನೆಕ್ ಸರಿಯಾದ ಮೇಲೆ ಎತ್ತರ. 12ನೆಯ ಫ್ರೆಟ್ಟಿನ ನೆತ್ತಿಯಿಂದ ಆರನೆಯ ತಂತಿಯ ತಳಕ್ಕೆ 2 ಮಿ.ಮೀ., ಒಂದನೆಯ ತಂತಿಯ ತಳಕ್ಕೆ 1.5 ಮಿ.ಮೀ. ಇದ್ದರೆ ಕಲಿಯುವವರಿಗೆ ಹಿತವಾಗಿರುತ್ತದೆ. ನಡುವಿನ ತಂತಿಗಳನ್ನು ಫ್ರೆಟ್‌ಬೋರ್ಡಿನ ಉಬ್ಬಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರವಾಗಿಯೇ ಉಳಿದರೆ ನೆಕ್ ಕೂತಿರುವ ಕೋನದಲ್ಲಿ ಲೋಪವಿದೆ. ನೆಕ್ಕನ್ನು ಬಿಚ್ಚಿ, ಅದು ಕೂರುವ ಗುಳಿಯಲ್ಲಿ ಬ್ರಿಡ್ಜಿನ ಕಡೆಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಒಂದು ತುಂಡನ್ನು ಇಟ್ಟು ಮತ್ತೆ ಬಿಗಿದರೆ ಆ ಕೋನ ಬದಲಾಗಿ ತಂತಿ ತಗ್ಗುತ್ತದೆ.

ಮಾರ್ಚ್–ಏಪ್ರಿಲ್‌ನ ಒಣ ಹವೆಯಲ್ಲಿ ಸರಿಯಿದ್ದ ಗಿಟಾರ್ ಜುಲೈಯ ಮಳೆಗಾಲದಲ್ಲಿ ಝರ್ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಮರ ತೇವವನ್ನು ಹೀರಿ ಬಿಡುವುದರಿಂದ ನೆಕ್ಕಿನ ಅಳತೆಯನ್ನು ಋತು ಬದಲಾದಾಗ ಇನ್ನೊಮ್ಮೆ ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡಿನ ಮರ ಕುಗ್ಗಿ ಲೋಹದ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಅಂಗೈಗೆ ಕೆರೆಯುವುದೂ ಇದರಿಂದಲೇ. 2017ರಲ್ಲಿ ಬೀಟೆಯ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ (ಅಳಿವಿನ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ನಿರ್ಬಂಧ ಬಂದ ನಂತರ ಹಲವು ತಯಾರಕರು ಫ್ರೆಟ್‌ಬೋರ್ಡಿಗೆ ಬೀಟೆಯ ಬದಲು ನಮ್ಮ ಕಾಡಿನ ಮತ್ತಿ ಮರದಂಥವುಗಳ ಕಡೆ ತಿರುಗಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಅಗ್ಗದ ಗಿಟಾರ್‌ಗಳಲ್ಲಿ ಮತ್ತಿಯ ಫ್ರೆಟ್‌ಬೋರ್ಡ್ ಈಗಲೂ ಕಾಣಸಿಗುತ್ತದೆ. ಬಣ್ಣ ಹಚ್ಚದ ಇಂಥ ಮರಕ್ಕೆ ಬೇಸಿಗೆಯ ಆರಂಭದಲ್ಲಿ ಫ್ರೆಟ್‌ಬೋರ್ಡ್ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿದರೆ ಬಿರುಕು ಬಿಡುವುದು ತಪ್ಪುತ್ತದೆ.

ಶ್ರುತಿ ನಿಲ್ಲದಿರುವುದು, ಶ್ರುತಿ ಸೇರದಿರುವುದು

ಇವು ಎರಡು ಬೇರೆ ಬೇರೆ ದೋಷಗಳು. ಸೇರಿಸಿದ ಶ್ರುತಿ ಹತ್ತು ನಿಮಿಷದಲ್ಲಿ ಇಳಿದುಹೋಗುವುದು ಒಂದು. ಬಿಡಿ ತಂತಿಗಳ ಶ್ರುತಿ ಸರಿಯಿದ್ದರೂ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರುವುದು ಇನ್ನೊಂದು.

ಮೊದಲನೆಯದಕ್ಕೆ ಬಿರಡೆಗಳನ್ನು ದೂರುವುದು ವಾಡಿಕೆ. ಆದರೆ ನಿಜವಾದ ಕಾರಣ ಸಾಮಾನ್ಯವಾಗಿ ಹೊಸ ತಂತಿ ಇನ್ನೂ ಎಳೆಯದಿರುವುದು ಅಥವಾ ನಟ್ಟಿನಲ್ಲಿ ತಂತಿ ಸಿಕ್ಕಿಕೊಳ್ಳುವುದು. ಹೊಸ ತಂತಿಯನ್ನು ನಡುಭಾಗದಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು, ಶ್ರುತಿ ಸೇರಿಸಿ, ಮತ್ತೆ ಎಳೆದು, ಇಳಿಯುವುದು ನಿಲ್ಲುವವರೆಗೂ ಹೀಗೆ ಮಾಡಬೇಕು. ಆಮೇಲೂ ನಿಲ್ಲದಿದ್ದರೆ ನಟ್ಟನ್ನು ಪರೀಕ್ಷಿಸಬೇಕು: ಬಿರಡೆ ತಿರುಗಿಸುವಾಗ ಟಿಕ್ ಎಂಬ ಸದ್ದು ಬಂದು ಶ್ರುತಿ ಒಮ್ಮೆಗೇ ಜಿಗಿದರೆ ತಂತಿ ಗಾಡಿಯಲ್ಲಿ ಕಚ್ಚಿಕೊಳ್ಳುತ್ತಿದೆ. ತಂತಿಯನ್ನು ಬಾಗಿಸಿ ನುಡಿಸಿದ ನಂತರ ಶ್ರುತಿ ಇಳಿದಿದ್ದು, ನಟ್ಟಿಗೂ ಬಿರಡೆಗೂ ನಡುವಿನ ತಂತಿಯನ್ನು ಒಮ್ಮೆ ಬೆರಳಿನಿಂದ ಒತ್ತಿಬಿಟ್ಟ ಕೂಡಲೇ ಸರಿಹೋದರೆ ಇನ್ನು ಅನುಮಾನವೇ ಉಳಿಯುವುದಿಲ್ಲ. ತಂತಿಯನ್ನು ಗಾಡಿಯಿಂದ ಪಕ್ಕಕ್ಕೆ ಸರಿಸಿ, ಮೆತ್ತನೆಯ ಪೆನ್ಸಿಲಿನ ಸೀಸವನ್ನು ಗಾಡಿಯೊಳಗೆ ಉಜ್ಜಿದರೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಜೊತೆಗೆ, ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ನಡುವಿನ ಸಡಿಲ ಹಾಗೆಯೇ ಉಳಿದು, ನುಡಿಸುವಾಗ ಜಾರುತ್ತದೆ.

ಟ್ರೆಮೊಲೊ ಬ್ರಿಡ್ಜ್ (ಕೋಲೊಂದನ್ನು ಒತ್ತಿ ಸ್ವರವನ್ನು ಏರಿಳಿಸುವ ಬ್ರಿಡ್ಜ್) ಇರುವ ಗಿಟಾರಿನಲ್ಲಿ ಒಂದು ತಂತಿಯನ್ನು ಏರಿಸಿದರೆ ಉಳಿದ ಐದೂ ಇಳಿಯುವುದು ಕಂಡುಬರುತ್ತದೆ. ಬ್ರಿಡ್ಜ್ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ತಂತಿಗಳ ಎಳೆತಕ್ಕೂ ನಡುವೆ ತೂಗಿಕೊಂಡಿರುವುದರಿಂದ ಇದು ಸಹಜ. ಆ ಕೋಲನ್ನು ಬಳಸದವರು ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳು ಸಿಕ್ಕಿಸಿರುವ ಲೋಹದ ಪಟ್ಟಿಯ ಎರಡು ಉದ್ದನೆಯ ಸ್ಕ್ರೂಗಳನ್ನು ಬಿಗಿದು, ಬ್ರಿಡ್ಜ್ ದೇಹದ ಮೇಲೆ ಪೂರ್ತಿ ಕೂರುವಂತೆ ಮಾಡಿಬಿಡುವುದು ಉತ್ತಮ. ಆರಂಭದ ವರ್ಷದಲ್ಲಿ ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ದೋಷಕ್ಕೆ ಪರೀಕ್ಷೆ 12ನೆಯ ಫ್ರೆಟ್ಟಿನಲ್ಲಿ. ಆ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬರಿದೇ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ಟನ್ನು ಒತ್ತಿ ನುಡಿಸಿ, ಎರಡನ್ನೂ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರಕ್ಕೆ, ಇಳಿದಿದ್ದರೆ ನೆಕ್ಕಿನ ಕಡೆಗೆ ಸರಿಸಬೇಕು; ಸರಿಸುವ ಮುನ್ನ ತಂತಿಯನ್ನು ಸ್ವಲ್ಪ ಸಡಿಲಿಸದಿದ್ದರೆ ಸ್ಕ್ರೂವಿನ ತಲೆ ಸವೆಯುತ್ತದೆ. ವೀಣೆ ಶೇಷಣ್ಣನವರ ಊರಾದ ಮೈಸೂರಿನಲ್ಲಿ ವೀಣೆಯ ಸ್ವರಸ್ಥಾನ ತಪ್ಪಿದರೆ ಮೇಣ ಕಾಯಿಸಿ ಮೆಟ್ಟಿಲನ್ನೇ ಸರಿಸಿ ಹೊಸದಾಗಿ ಮೇಳ ಕಟ್ಟಿಸುತ್ತಾರೆ. ಗಿಟಾರಿನ ಫ್ರೆಟ್ ಮರದ ಸೀಳಿನೊಳಗೆ ಬಡಿದು ಕೂರಿಸಿದ್ದಾಗಿರುವುದರಿಂದ ಇಲ್ಲಿ ಆ ಸೌಲಭ್ಯವಿಲ್ಲ. ತಿದ್ದುಪಡಿಗೆ ಉಳಿದಿರುವುದು ತಂತಿಯ ಉದ್ದವೊಂದೇ.

12ನೆಯ ಫ್ರೆಟ್ ಸರಿಯಿದ್ದು, ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಸ್ವರ ಏರಿ, ಸುಲಭದ ಕಾರ್ಡ್‌ಗಳೇ ಕಿವಿಗೆ ಚುಚ್ಚಿದರೆ ನಟ್ಟಿನ ಗಾಡಿ ಎತ್ತರವಾಗಿದೆ. ಅಗ್ಗದ ಗಿಟಾರ್‌ಗಳಲ್ಲಿ ಇದರಷ್ಟು ಸಾಮಾನ್ಯವಾದ, ಇದರಷ್ಟು ಕಡಿಮೆ ಗಮನಕ್ಕೆ ಬರುವ ದೋಷ ಇನ್ನೊಂದಿಲ್ಲ. ಮೂರನೆಯ ಫ್ರೆಟ್ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ನೋಡಬೇಕು. ಕೂದಲೆಳೆಯಷ್ಟು ಸಂದಿ ಇರಬೇಕು, ಅದಕ್ಕಿಂತ ಹೆಚ್ಚಿರಬಾರದು. ಗಾಡಿಯನ್ನು ಆಳಗೊಳಿಸಲು ತಂತಿಯ ದಪ್ಪಕ್ಕೆ ತಕ್ಕ ಅರ ಬೇಕು, ಮತ್ತು ಒಂದು ಉಜ್ಜು ಹೆಚ್ಚಾದರೂ ನಟ್ ಹಾಳಾಗುವುದರಿಂದ ಈ ಒಂದು ಕೆಲಸವನ್ನು ಅನುಭವಿಗಳಿಗೆ ಬಿಡುವುದು ಲೇಸು.

ಸ್ಯಾಡಲ್ ಎಷ್ಟು ಸರಿಸಿದರೂ ದಪ್ಪ ತಂತಿಗಳ ಸ್ವರ ಅಲೆಯಲೆಯಾಗಿ ತೊನೆದರೆ ಪಿಕಪ್ಪಿನ ಅಯಸ್ಕಾಂತ ತಂತಿಯನ್ನು ಎಳೆಯುತ್ತಿದೆ. ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್ಪಿಗೂ ನಡುವೆ 2ರಿಂದ 2.5 ಮಿ.ಮೀ. ಇರುವಂತೆ ಪಿಕಪ್ಪನ್ನು ಇಳಿಸಬೇಕು.

ಗುಂಯ್‌ಗುಡುವಿಕೆ, ಕರಕರ, ಮೌನ

ಮೊದಲು ಕೇಬಲ್ ಬದಲಿಸಿ ನೋಡಬೇಕು. ದೋಷ ಅಲ್ಲಿಯೇ ಇದ್ದರೆ ಉಳಿದ ಶ್ರಮವೆಲ್ಲ ತಪ್ಪುತ್ತದೆ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದಾಗಲೂ ಗುಂಯ್ ಎನ್ನುವುದು ನಿಲ್ಲದಿದ್ದರೆ ಕಾರಣ ಕೇಬಲ್, ಆಂಪ್ ಅಥವಾ ಕರೆಂಟಿನಲ್ಲಿದೆ, ನಿಂತರೆ ಪಿಕಪ್ಪಿನಲ್ಲಿದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಸುತ್ತಲಿನ 50 ಹರ್ಟ್ಸ್ ವಿದ್ಯುತ್ತಿನ ಅಯಸ್ಕಾಂತ ಕ್ಷೇತ್ರವನ್ನು ಹಿಡಿಯುವುದು ಅದರ ಸ್ವಭಾವ. ಕುಳಿತಲ್ಲೇ ದಿಕ್ಕು ಬದಲಿಸಿದಾಗ ಸದ್ದು ಕಡಿಮೆಯಾದರೆ ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟಿನ ಚೋಕ್, ಆಂಪಿನದೇ ಟ್ರಾನ್ಸ್‌ಫಾರ್ಮರ್ ಇವುಗಳಿಂದ ದೂರ ಕೂರುವುದೇ ಪರಿಹಾರ. ಮಂಡ್ಯದ ಒಬ್ಬ ವಿದ್ಯಾರ್ಥಿಯ ಆಂಪ್ ಸಂಜೆ ಕರೆಂಟ್ ಹೋದಾಗ ಮಾತ್ರ ಜೀರುಂಡೆಯಂತೆ ಕಿರುಗುಡುತ್ತಿತ್ತು. ಮನೆಯ ಹಳೆಯ ಇನ್ವರ್ಟರ್ ಸೈನ್ ಅಲೆಯ ಬದಲು ಚೌಕ ಅಲೆಯ ವಿದ್ಯುತ್ ಕೊಡುತ್ತಿದ್ದುದೇ ಅದಕ್ಕೆ ಕಾರಣವಾಗಿತ್ತು, ಗಿಟಾರಿನಲ್ಲಿ ಯಾವ ದೋಷವೂ ಇರಲಿಲ್ಲ.

ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಬ್ರಿಡ್ಜಿನ ಅರ್ತ್ ವೈರ್ ಸರಿಯಿದೆ. ತಂತಿ ಮುಟ್ಟಿದಾಗ ತಗ್ಗದೆ, ಜ್ಯಾಕಿನ ಲೋಹ ಮುಟ್ಟಿದಾಗ ಮಾತ್ರ ತಗ್ಗಿದರೆ ಬ್ರಿಡ್ಜಿಗೆ ಹೋಗುವ ವೈರ್ ಕಡಿದಿದೆ, ಬೆಸುಗೆ ಹಾಕಿಸಬೇಕು. ಮುಟ್ಟಿದಾಗ ಸಣ್ಣದಾಗಿಯಾದರೂ ಶಾಕ್ ಹೊಡೆದರೆ ಗಿಟಾರನ್ನು ಕೂಡಲೇ ಕೆಳಗಿಟ್ಟು, ಸ್ವಿಚ್ ಆರಿಸಿ, ಮನೆಯ ಅರ್ತಿಂಗನ್ನು ವೈರ್‌ಮನ್ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು. ಆಂಪಿನ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ದಪ್ಪ ಪಿನ್ನನ್ನು ಕತ್ತರಿಸುವುದು ಇವುಗಳಿಂದ ಗುಂಯ್ ಸದ್ದು ನಿಲ್ಲಬಹುದು, ಆದರೆ ಜೀವಕ್ಕೆ ಇರುವ ರಕ್ಷಣೆಯೂ ಅದರ ಜೊತೆಗೇ ಹೋಗುತ್ತದೆ. ಗಣೇಶನ ಪೆಂಡಾಲಿನಲ್ಲಿ ಅಥವಾ ಊರಹಬ್ಬದ ವೇದಿಕೆಯಲ್ಲಿ ಮೈಕಿನ ಮಿಕ್ಸರಿಗೆ ಒಂದು ಕಡೆಯಿಂದ, ಆಂಪಿಗೆ ಇನ್ನೊಂದು ಕಡೆಯಿಂದ ಕರೆಂಟ್ ಎಳೆದಿದ್ದರೆ, ತಂತಿ ಹಿಡಿದ ಕೈಗೂ ಮೈಕಿಗೆ ತಾಗುವ ತುಟಿಗೂ ನಡುವೆ ವಿದ್ಯುತ್ ಹರಿಯುವ ಅಪಾಯವಿದೆ. ಎರಡಕ್ಕೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಸಂಪರ್ಕ ಕೊಡುವಂತೆ ಕಾರ್ಯಕ್ರಮಕ್ಕೆ ಮೊದಲೇ ಹಟ ಹಿಡಿಯಬೇಕು.

ಗುಬ್ಬಿ (ವಾಲ್ಯೂಮ್, ಟೋನ್ ಹೊಂದಿಸುವ ನಾಬ್) ತಿರುಗಿಸುವಾಗ ಮಾತ್ರ ಕರಕರ ಎಂದರೆ ಒಳಗೆ ಧೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರನ್ನು ಗುಬ್ಬಿಯ ಕೆಳಗಿರುವ ಪಾಟ್‌ನ ಸಂದಿಗೆ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ತಿರುಗಿಸಬೇಕು. ಕೇಬಲ್ ಅಲುಗಿದಾಗ ಕರಕರ ಎಂದರೆ ಜ್ಯಾಕಿನ ನಟ್ ಸಡಿಲವಾಗಿದೆ. ಅದನ್ನು ಹೊರಗಿನಿಂದಷ್ಟೇ ಬಿಗಿದರೆ ಒಳಗಿನ ಜ್ಯಾಕೂ ತಿರುಗಿ ವೈರ್ ಕಿತ್ತುಹೋಗುವುದರಿಂದ, ತಟ್ಟೆಯನ್ನು ಬಿಚ್ಚಿ, ಜ್ಯಾಕನ್ನು ಹಿಡಿದುಕೊಂಡೇ ಬಿಗಿಯಬೇಕು. ಗಿಟಾರನ್ನು ಹೋಮ್ ಥಿಯೇಟರಿನ ಆಕ್ಸ್‌ಗೆ ನೇರವಾಗಿ ಸಿಕ್ಕಿಸಿದಾಗ ಸದ್ದು ಸಣಕಲಾಗಿ, ಮಂದವಾಗಿ ಬರುವುದು ದೋಷವಲ್ಲ. ಆ ಇನ್‌ಪುಟ್ ಗಿಟಾರಿಗೆ ತಕ್ಕದ್ದಲ್ಲ.

ಸದ್ದೇ ಬರದಿದ್ದರೆ ಗಿಟಾರನ್ನು ಬಿಚ್ಚುವ ಮೊದಲು ಹೊರಗಿನಿಂದಲೇ ಅಳೆಯಬಹುದು. ಸರಿಯಿದೆಯೆಂದು ಗೊತ್ತಿರುವ ಕೇಬಲನ್ನು ಗಿಟಾರಿಗೆ ಮಾತ್ರ ಸಿಕ್ಕಿಸಿ, ವಾಲ್ಯೂಮನ್ನು ಪೂರ್ತಿ ಏರಿಸಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಬುಡಕ್ಕೂ ಮಲ್ಟಿಮೀಟರನ್ನು ಓಮ್ ಅಳತೆಯಲ್ಲಿ ಹಿಡಿಯಬೇಕು. ಸ್ವಿಚ್ಚಿನ ಒಂದೊಂದು ಸ್ಥಾನದಲ್ಲೂ ಸಿಂಗಲ್ ಕಾಯಿಲ್ ಆದರೆ ಸಾಮಾನ್ಯವಾಗಿ 5ರಿಂದ 8 ಕಿಲೋಓಮ್, ಹಂಬಕರ್ (ಎರಡು ಸುರುಳಿಯ ಪಿಕಪ್) ಆದರೆ ಅದಕ್ಕಿಂತ ಹೆಚ್ಚು ತೋರಿಸುತ್ತದೆ, ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವ ಸ್ಥಾನದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಸ್ಥಾನಗಳಲ್ಲೂ ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಎರಡು ವೈರ್‌ಗಳು ತಾಗಿಕೊಂಡಿವೆ. ಏನೂ ತೋರಿಸದಿದ್ದರೆ ಜ್ಯಾಕಿನ ಬೆಸುಗೆ ಬಿಟ್ಟಿದೆ. ಒಂದು ಪಿಕಪ್ಪಿನ ಸ್ಥಾನದಲ್ಲಿ ಮಾತ್ರ 250 ಕಿಲೋಓಮಿನಷ್ಟು ತೋರಿಸಿ ಉಳಿದೆಡೆ ಸರಿಯಿದ್ದರೆ, ಮೀಟರ್ ವಾಲ್ಯೂಮ್ ಪಾಟನ್ನಷ್ಟೇ ಕಾಣುತ್ತಿದೆ. ಆಗ ಆ ಪಿಕಪ್ಪಿನಿಂದ ಸ್ವಿಚ್ಚಿಗೆ ಬರುವ ವೈರನ್ನು ಮತ್ತೆ ಬೆಸೆದು ನೋಡಬೇಕು. ಅದಕ್ಕೂ ಅಳತೆ ಬದಲಾಗದಿದ್ದಾಗ ಮಾತ್ರ ಒಳಗಿನ ಸುರುಳಿ ಕಡಿದಿದೆಯೆಂದು ತೀರ್ಮಾನಿಸಿ ಹೊಸ ಪಿಕಪ್ ಕೊಳ್ಳಬೇಕು.